ಸೇವಂತಿಗೆ ಮುಲಾಮು: ನನ್ನ ಕೈಗೆ ಏನೂ ಆಗಲಿಲ್ಲ, ಅತ್ತಿಗೆಗೆ ತುರಿಕೆ

ಹಿತ್ತಿಲಗಿಡ:
ಒಣಗಿಸಿದ ಹಳದಿ ಸೇವಂತಿಗೆ ಎಸಳುಗಳನ್ನು ಗಾಣದ ಕೊಬ್ಬರಿ ಎಣ್ಣೆಯಲ್ಲಿ ಮೂರು ವಾರ ನೆನೆಹಾಕಿ, ಹಳೆಯ ಪಂಚೆಯಲ್ಲಿ ಸೋಸಿ, ಜೇನುಮೇಣ ಸೇರಿಸಿ ಮುಲಾಮು ಮಾಡಿದೆ. ಸುಗಂಧ, ಬಣ್ಣ ಏನೂ ಹಾಕಿಲ್ಲ. ಮೊಣಕೈಯ ಒಳಮಡಿಕೆಗೆ ಹಚ್ಚಿ ಒಂದು ದಿನ ಕಾದೆ, ಏನೂ ಆಗಲಿಲ್ಲ. ಅದೇ ಧೈರ್ಯದಲ್ಲಿ ಹಾವೇರಿ ಕಡೆಯ ಅತ್ತಿಗೆಗೆ ಒಂದು ಡಬ್ಬಿ ಕೊಟ್ಟೆ. ಮುಖಕ್ಕೆ ಹಚ್ಚಿಕೊಂಡ ಮೂರನೆಯ ದಿನ ಅವರ ಕಣ್ಣಿನ ರೆಪ್ಪೆ ಊದಿತು, ಕುತ್ತಿಗೆ ಕೆಂಪಾಗಿ ತುರಿಕೆ ಶುರುವಾಯಿತು. ಎಣ್ಣೆಗೆ ಕಮಟು ವಾಸನೆಯೂ ಬಂದಿಲ್ಲ. ಪರೀಕ್ಷೆಯಲ್ಲಿ ನಾನು ಎಡವಿದ್ದು ಎಲ್ಲಿ?

ಸೀಗೆಕಾಯಿ:
ಮೊದಲು ಮುಲಾಮು ನಿಲ್ಲಿಸಲಿ. ರೆಪ್ಪೆ ಊದಿದೆ ಎಂದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ, ಚರ್ಮವೈದ್ಯರಿಗೆ ತೋರಿಸಿ. ಎರಡು ಪ್ರಶ್ನೆ: ಹಚ್ಚಿದ ಕೂಡಲೇ ಉರಿಯಿತೇ, ಇಲ್ಲವೇ ತಡವಾಗಿ ತುರಿಸಿತೇ? ಕಳೆ ಕೀಳುವ ಕಾಲದಲ್ಲೂ ಅವರಿಗೆ ಹೀಗಾಗುತ್ತದೆಯೇ?

ಹಿತ್ತಿಲಗಿಡ:
ಹಚ್ಚಿದಾಗ ತಣ್ಣಗಿತ್ತಂತೆ. ಕಳೆಯ ವಿಷಯ ಕೇಳಿದ್ದೇ ಒಳ್ಳೆಯದಾಯಿತು. ಪ್ರತಿ ವರ್ಷ ಮಳೆ ಬಿದ್ದ ಮೇಲೆ ಬದುವಿನ ಕಾಂಗ್ರೆಸ್ ಗಿಡ ಕಿತ್ತಾಗ ಕೈ, ಕುತ್ತಿಗೆ ಕಡಿಯುತ್ತದೆ ಎನ್ನುತ್ತಾರೆ.

ಸೀಗೆಕಾಯಿ:
ಹಾಗಾದರೆ ಕಳ್ಳ ಸಿಕ್ಕ ಹಾಗೆಯೇ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಸೇವಂತಿಗೆಗೆ ದಾಯಾದಿ. ಎರಡೂ ಸೂರ್ಯಕಾಂತಿಯ ಕುಟುಂಬದವು. ಎರಡರಲ್ಲೂ ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್ ಎಂಬ ಜಾತಿಯ ಪದಾರ್ಥಗಳಿವೆ. ಒಂದರ ಮೇಲೆ ಹಗೆ ಬೆಳೆಸಿಕೊಂಡ ಚರ್ಮ ಅದರ ನೆಂಟರ ಮೇಲೂ ತಿರುಗಿ ಬೀಳಬಹುದು. ಅತ್ತಿಗೆಯ ಚರ್ಮಕ್ಕೆ ಆ ಹಗೆ ಹೊಲದಲ್ಲೇ ಹುಟ್ಟಿದೆ. ನಿಮ್ಮ ಕೈ ಕೊಟ್ಟ ಉತ್ತರ ನಿಮ್ಮ ಕೈಗೆ ಮಾತ್ರ ಸಲ್ಲುತ್ತದೆ.

ಒಂದೇ ದಿನ ಕಾದದ್ದೂ ಸಾಲದು. ಉರಿತ ಗಂಟೆಗಳಲ್ಲಿ ಕಾಣುತ್ತದೆ, ಅಲರ್ಜಿ ಮೈದೋರಲು ಎರಡು ಮೂರು ದಿನ ಬೇಕು. ಅದಕ್ಕೇ ವೈದ್ಯರು ಬೆನ್ನಿಗೆ ಅಂಟಿಸಿದ ಪ್ಯಾಚನ್ನು, ಅಂದರೆ ಸಂಶಯದ ಪದಾರ್ಥ ಇಟ್ಟ ಪಟ್ಟಿಯನ್ನು, 48 ಗಂಟೆಗೆ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಮನೆಯಲ್ಲಾದರೆ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, ವಾರದಿಂದ ಹತ್ತು ದಿನ ಹಚ್ಚಿ ನೋಡಿ. ಅತ್ತಿಗೆಯ ಮೇಲೆ ಮಾತ್ರ ಈ ಪ್ರಯೋಗ ಬೇಡ.

ನಿಂಬೆಸಿಪ್ಪೆ:
ಬಿಸಿಲನ್ನೂ ಮರೆಯಬೇಡಿ. ಬಾವಂಚಿ ಎಣ್ಣೆಯನ್ನು ಅಂಗಿಯ ತೋಳಿನೊಳಗೆ ಪರೀಕ್ಷಿಸಿ, ಸರಿಯಿದೆ ಎಂದುಕೊಂಡು ಮುಖಕ್ಕೆ ಹಚ್ಚಿ ಗುಳ್ಳೆ ಎಬ್ಬಿಸಿಕೊಂಡವನು ನಾನು. ಅದರಲ್ಲಿರುವ ಸೋರಾಲೆನ್ ಎಂಬ ಪದಾರ್ಥ ಕೆರಳುವುದು ಬಿಸಿಲಿನ ನೇರಳಾತೀತ ಕಿರಣ ಬಿದ್ದಾಗ. ಹಿಂಡಿ ತೆಗೆದ ನಿಂಬೆಸಿಪ್ಪೆ ಎಣ್ಣೆಯದೂ ಇದೇ ಬುದ್ಧಿ; ಹಬೆಯಲ್ಲಿ ಭಟ್ಟಿ ಇಳಿಸಿದ್ದರಲ್ಲಿ ಈ ತಂಟೆ ಬಹುಮಟ್ಟಿಗೆ ಇಲ್ಲ.

ಮಾರುವ ಯೋಚನೆಯಿದ್ದರೆ ಪರವಾನಗಿ ಬೇಕು, ಮೊಣಕೈ ಪರೀಕ್ಷೆ ನಡೆಯುವುದಿಲ್ಲ. 2014ರಿಂದ ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವಂತಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮದ ಪದರ, ಸ್ವಯಂಸೇವಕರ ಮೇಲಿನ ಪ್ಯಾಚ್ ಪರೀಕ್ಷೆ ಇವೇ ಈಗಿನ ದಾರಿ.

ಹಿತ್ತಿಲಗಿಡ:
ಕೆಂಪು ಪೂರ್ತಿ ಇಳಿದ ಮೇಲೆ ವೈದ್ಯರು ಪ್ಯಾಚ್ ಹಾಕಿದರು. ಪಾರ್ಥೇನಿಯಂ ಇಟ್ಟ ಜಾಗದಲ್ಲಿ ಸಾಸಿವೆಯಷ್ಟು ಗುಳ್ಳೆಗಳೆದ್ದವು, ಅಕ್ಕಪಕ್ಕ ಏನೂ ಇಲ್ಲ. ಉಳಿದ ಆರು ಡಬ್ಬಿಗಳನ್ನು ಯಾರಿಗೂ ಕೊಡುವುದಿಲ್ಲ. ನನ್ನ ಹಿಮ್ಮಡಿಗೆ ಸವರಿಕೊಂಡು ಮುಗಿಸುತ್ತೇನೆ.

ಸೀಗೆಕಾಯಿ:
ಸವರಿದ ಕೈಯನ್ನು ಸಾಬೂನಿನಲ್ಲಿ ತೊಳೆಯಿರಿ. ಅತ್ತಿಗೆ ಬಂದಾಗ ಅವರಿಗೆ ಟವೆಲ್ ಬೇರೆ ಇಡಿ. ಮುಡಿಗೆ ಮಲ್ಲಿಗೆ ಕೊಡಿ.