ಹುಡುಗಿಯರ ಕಬಡ್ಡಿ, ಹುಡುಗರ ಕಬಡ್ಡಿ: ತಲೆಗೆ ಪೆಟ್ಟು ಬಿದ್ದಾಗ

ಪ್ರಶ್ನೆ (ಪ್ರೌಢಶಾಲೆಯ ದೈಹಿಕ ಶಿಕ್ಷಕರು): ಡಾಕ್ಟ್ರೇ, ನಮ್ಮಲ್ಲಿ ಎರಡೂ ತಂಡ ಇವೆ. ರೈಡ್‌ಗೆ ಹೋದ ಹುಡುಗಿ ಆಂಕಲ್ ಹೋಲ್ಡ್‌ಗೆ (ಪಾದದ ಗಂಟು ಹಿಡಿಯುವ ಪಟ್ಟು) ಸಿಕ್ಕಿ ಹಿಂದಕ್ಕೆ ಬಿದ್ದು, ತಲೆ ನೆಲಕ್ಕೆ ಬಡಿಯಿತು. ಪ್ರಜ್ಞೆ ತಪ್ಪಲಿಲ್ಲ, ಎರಡೇ ನಿಮಿಷಕ್ಕೆ "ಸರಿ ಇದ್ದೀನಿ ಸರ್" ಅಂದಳು. ಸಂಜೆ ತಲೆನೋವು ಶುರುವಾಗಿದೆ. ಅಂಕಣದ ಪಕ್ಕ ಏನು ನೋಡಬೇಕಿತ್ತು? ಹುಡುಗಿಯರಿಗೆ ಇದು ಜಾಸ್ತಿ ಅನ್ನುವುದು ನಿಜವೇ?

ಉತ್ತರ (ಕ್ರೀಡಾ ವೈದ್ಯೆ): ಸರ್, ಕನ್ಕಷನ್ (ಪೆಟ್ಟಿಗೆ ಮಿದುಳು ಅಲುಗಿ ಅದರ ಕೆಲಸ ಕೆಲಕಾಲ ಏರುಪೇರಾಗುವುದು) ಎಂದೇ ಹಿಡಿದು ಇವತ್ತೇ ವೈದ್ಯರಿಗೆ ತೋರಿಸಿ. ಹೆಚ್ಚಿನ ಕನ್ಕಷನ್‌ಗಳಲ್ಲಿ ಪ್ರಜ್ಞೆ ತಪ್ಪುವುದೇ ಇಲ್ಲ. ಲಕ್ಷಣಗಳು ಕೆಲವು ಗಂಟೆ ತಡವಾಗಿ ಬರುವುದೂ ಮಾಮೂಲಿ. ಸಿಟಿ ಸ್ಕ್ಯಾನ್ ನಾರ್ಮಲ್ ಬಂತು ಅಂತ ಮಾರನೇ ದಿನ ಆಡಿಸಬೇಡಿ. ಸ್ಕ್ಯಾನ್‌ನಲ್ಲಿ ಕಾಣುವುದು ರಕ್ತಸ್ರಾವ, ಮೂಳೆ ಮುರಿತ. ಕನ್ಕಷನ್ ಅದರಲ್ಲಿ ಕಾಣುವುದಿಲ್ಲ.

ಇನ್ನು ಅಂಕಣದ ಪಕ್ಕ. ಕತ್ತು ನೋವು, ಕೈಕಾಲಲ್ಲಿ ಜುಮ್ಮು ಅಥವಾ ಬಲ ಇಲ್ಲದಿರುವುದು, ಎರಡೆರಡು ಕಾಣುವುದು, ಫಿಟ್ಸ್, ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಮಂಪರು ಹೆಚ್ಚುವುದು, ಇದ್ದಕ್ಕಿದ್ದಂತೆ ರೇಗಾಡುವುದು: ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಕತ್ತಿಗೆ ಪೆಟ್ಟಿನ ಅನುಮಾನವಿದ್ದರೆ ಎಬ್ಬಿಸಿ ಕೂರಿಸಬೇಡಿ, ತಲೆ ಅಲುಗದಂತೆ ಹಿಡಿದುಕೊಳ್ಳಿ. ಮುಖಕ್ಕೆ ನೀರು ಚಿಮುಕಿಸಿ ಕೈ ಹಿಡಿದು ಎಳೆಯುವ ನಮ್ಮ ಹಳೇ ಅಭ್ಯಾಸ ಅಲ್ಲಿಗೇ ನಿಲ್ಲಬೇಕು.

ಅದ್ಯಾವುದೂ ಇಲ್ಲದಿದ್ದರೆ ಹೊರಗೆ ಕರೆತಂದು ಕೇಳಿ: ಈಗ ಯಾವ ಊರಲ್ಲಿ ಆಡ್ತಿದ್ದೀವಿ? ಮೊದಲನೇ ಅರ್ಧವೋ ಎರಡನೆಯದೋ? ಕೊನೇ ಪಾಯಿಂಟ್ ಯಾರು ತಗೊಂಡರು? ಹಿಂದಿನ ಪಂದ್ಯ ಯಾರ ಮೇಲೆ ಆಡಿದೆವು, ಗೆದ್ದೆವಾ? ಒಂದು ತಪ್ಪಿದರೂ ಆ ದಿನದ ಆಟ ಮುಗಿಯಿತು. ಎಲ್ಲ ಸರಿ ಹೇಳಿದರೂ ತಲೆಭಾರ, ಓಲಾಟ, ಬೆಳಕು ಚುಚ್ಚುವುದು, ಮಂಕು ಯಾವುದಾದರೂ ಇದ್ದರೆ ಆಟ ಇಲ್ಲ. "ಸರಿ ಇದ್ದೀಯಾ?" ಅಂತ ಕೇಳಬೇಡಿ, ಆಡುವ ಆಸೆಗೆ ಎಲ್ಲರೂ ಹೂಂ ಅನ್ನುತ್ತಾರೆ. ಲಕ್ಷಣಗಳನ್ನು ಒಂದೊಂದಾಗಿ ಹೆಸರಿಸಿ ಕೇಳಿ. ವೈದ್ಯರಲ್ಲದವರಿಗೆಂದೇ ಮಾಡಿರುವ 'ಕನ್ಕಷನ್ ರೆಕಗ್ನಿಷನ್ ಟೂಲ್ 6' ಎಂಬ ಚೀಟಿ ಉಚಿತವಾಗಿ ಸಿಗುತ್ತದೆ; ಪ್ರಿಂಟ್ ತೆಗೆದು ಫಸ್ಟ್ ಏಡ್ ಡಬ್ಬಿಯಲ್ಲಿ ಇಡಿ.

ಮೊದಲ ಮೂರು ಗಂಟೆಯಾದರೂ ಒಂಟಿಯಾಗಿ ಬಿಡಬೇಡಿ, ಬೈಕ್ ಓಡಿಸಲು ಕೊಡಬೇಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ರಕ್ತಸ್ರಾವದ ಅನುಮಾನ ಹೋಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ.

ಈಗ ಎರಡನೇ ಪ್ರಶ್ನೆ. ಹೌದು, ಒಂದೇ ನಿಯಮದ ಆಟಗಳಲ್ಲಿ ಹುಡುಗಿಯರ ಕನ್ಕಷನ್ ದರ ಹೆಚ್ಚು. ಅಮೆರಿಕದ ಮಿಷಿಗನ್ ರಾಜ್ಯದ ಹೈಸ್ಕೂಲ್ ಫುಟ್‌ಬಾಲ್ (ಸಾಕರ್) ಅಂಕಿಅಂಶ 2021ರಲ್ಲಿ ಪ್ರಕಟವಾಯಿತು: ಹುಡುಗಿಯರ ದರ ಹುಡುಗರ 1.88 ಪಟ್ಟು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅದೇ ಅಧ್ಯಯನದ ಇನ್ನೊಂದು ಸಾಲು. ಪೆಟ್ಟು ಬಿದ್ದ ಕೂಡಲೇ ಆಟದಿಂದ ಹೊರಗೆ ಕರೆಸಿಕೊಳ್ಳುವ ಸಾಧ್ಯತೆ ಹುಡುಗರಿಗೆ 1.54 ಪಟ್ಟು ಹೆಚ್ಚಿತ್ತು. ಹುಡುಗರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬೀಳುತ್ತಾರೆ, ಎಲ್ಲರ ಕಣ್ಣಿಗೂ ಬೀಳುತ್ತದೆ. ಹುಡುಗಿಯರಿಗೆ ಹೆಚ್ಚಾಗಿ ಚೆಂಡೋ ಗೋಲ್‌ಪೋಸ್ಟೋ ತಗುಲಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ತಡವಾಗಿ ಹೊರಬಂದವರು ತಡವಾಗಿ ಚೇತರಿಸಿಕೊಳ್ಳುತ್ತಾರೆ. ಆರೈಕೆ ಸಮನಾಗಿ ಸಿಗುವ ಅಮೆರಿಕದ ಕಾಲೇಜು ಕ್ರೀಡಾಪಟುಗಳಲ್ಲಿ ನೋಡಿದಾಗ ಗಂಡು ಹೆಣ್ಣಿನ ಚೇತರಿಕೆಯ ಅವಧಿ ಹೆಚ್ಚುಕಡಿಮೆ ಒಂದೇ ಬಂತು.

ಪ್ರಶ್ನೆ (ಅದೇ ಶಿಕ್ಷಕರು): ಹಾಗಾದರೆ ದೇಹದಲ್ಲಿ ವ್ಯತ್ಯಾಸವೇ ಇಲ್ಲವೇ ಮೇಡಂ?

ಉತ್ತರ (ಕ್ರೀಡಾ ಫಿಸಿಯೋ): ಇದಕ್ಕೆ ನಾನು ಉತ್ತರಿಸುತ್ತೇನೆ. ಇದೆ, ಮುಖ್ಯವಾಗಿ ಕತ್ತಿನಲ್ಲಿ. ಕತ್ತು ತೆಳು, ಸ್ನಾಯುಬಲ ಕಡಿಮೆ ಇದ್ದರೆ ಅದೇ ಪೆಟ್ಟಿಗೆ ತಲೆ ಹೆಚ್ಚು ವೇಗವಾಗಿ ತಿರುಗುತ್ತದೆ, ಮಿದುಳಿಗೆ ಹಾನಿ ಮಾಡುವುದು ಮುಖ್ಯವಾಗಿ ಆ ತಿರುಗುವಿಕೆಯೇ. 2014ರ ಅಧ್ಯಯನವೊಂದರಲ್ಲಿ ಕತ್ತಿನ ಬಲ ಒಂದು ಪೌಂಡ್ ಹೆಚ್ಚಿದಂತೆಲ್ಲ ಕನ್ಕಷನ್ ಸಾಧ್ಯತೆ ಶೇ. 5ರಷ್ಟು ಇಳಿದಿತ್ತು. ನರತಂತುಗಳೂ ಹೆಣ್ಣಿನಲ್ಲಿ ಸಪೂರ, ಅಷ್ಟೇ ಎಳೆತಕ್ಕೆ ಹೆಚ್ಚು ಹಾನಿ ಎಂದು ಪೆನ್ಸಿಲ್ವೇನಿಯಾದ ಪ್ರಯೋಗಾಲಯದ ಕೆಲಸ 2018ರಲ್ಲಿ ತೋರಿಸಿತು. ಅದು ಗಾಜಿನ ತಟ್ಟೆಯ ಮೇಲಿನ ಕೋಶಗಳ ಮಾತು, ಅದನ್ನೇ ಹಿಡಿದು ಹುಡುಗಿಯರನ್ನು ಆಟ ಬಿಡಿಸಬೇಡಿ.

ಮಾಡಬಹುದಾದ್ದು ಇಷ್ಟು. ಅಂಗೈಯನ್ನು ಹಣೆಗೆ, ತಲೆಯ ಹಿಂಬದಿಗೆ, ಎಡಕ್ಕೆ, ಬಲಕ್ಕೆ ಒತ್ತಿ, ತಲೆ ಅಲುಗದಂತೆ ಎದುರೊತ್ತು ಕೊಡಿಸಿ. ಪ್ರತಿ ದಿಕ್ಕಿಗೆ 5 ಸೆಕೆಂಡ್, 5 ಸಲ, ವಾರಕ್ಕೆ ಮೂರು ದಿನ. ಮೊದಲ ವಾರ ಅರ್ಧ ಬಲ ಸಾಕು, ಉಸಿರು ಕಟ್ಟಬಾರದು, ನೋವು ಬಂದರೆ ನಿಲ್ಲಿಸಿ. ಅದಕ್ಕಿಂತ ಬೇಗ ಫಲ ಕೊಡುವುದು ಬೀಳುವ ಅಭ್ಯಾಸ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ತಾಗಿರಬೇಕು, ಬೆನ್ನು ಬಾಗಿ ಉರುಳಬೇಕು. ಮೊದಲು ಕುಕ್ಕರಗಾಲಲ್ಲಿ ಕೂತು ದಪ್ಪ ಮ್ಯಾಟ್ ಮೇಲೆ, ಆಮೇಲೆ ನಿಂತು, ಕೊನೆಗೆ ಯಾರಾದರೂ ಕಾಲು ಹಿಡಿದಾಗ. ಆಂಕಲ್ ಹೋಲ್ಡ್‌ಗೆ ನುಗ್ಗುವ ಡಿಫೆಂಡರ್ ತಲೆ ರೈಡರ್‌ನ ಮೊಣಕಾಲಿನ ನೇರಕ್ಕೆ ಬಂದರೆ ಪೆಟ್ಟು ಖಂಡಿತ. ತಲೆ ಪಕ್ಕಕ್ಕೆ, ಕಣ್ಣು ಕಾಲಿನ ಮೇಲೆ. ಕೈ ಕೈ ಹಿಡಿದು ಚೈನ್ ಕಟ್ಟಿದ ಇಬ್ಬರೂ ಒಂದೇ ಕಡೆಗೆ ತಲೆ ಹಾಕಿದರೆ ತಲೆಗೆ ತಲೆ ಬಡಿಯುತ್ತದೆ. ಮೆತ್ತನೆಯ ಟೋಪಿ ಕನ್ಕಷನ್ ತಡೆಯುವುದಿಲ್ಲ, ದುಡ್ಡು ದಂಡ.

ಪ್ರಶ್ನೆ (ಆಟಗಾರ್ತಿಯೊಬ್ಬಳ ತಾಯಿ): ಮೇಡಂ, ಕತ್ತಲೆ ಕೋಣೆಯಲ್ಲಿ ಮಲಗಿಸಬೇಕಾ? ಶಾಲೆಗೆ ಯಾವಾಗ, ಆಟಕ್ಕೆ ಯಾವಾಗ?

ಉತ್ತರ (ಕ್ರೀಡಾ ವೈದ್ಯೆ): ಕತ್ತಲೆ ಕೋಣೆ ಬೇಡಮ್ಮ, ಅದು ಹಳೇ ಸಲಹೆ. ಮೊದಲ 24–48 ಗಂಟೆ ಮನೆಯೊಳಗಿನ ಓಡಾಟ, ನಿಧಾನ ನಡಿಗೆ ಇರಲಿ, ಮೊಬೈಲ್ ಕಡಿಮೆ ಮಾಡಿ. ಆಮೇಲೆ ಚುರುಕು ನಡಿಗೆ, ನಿಧಾನ ಸೈಕಲ್. ತಲೆನೋವಿಗೆ ಹತ್ತರಲ್ಲಿ ಅಂಕ ಕೊಡಿಸಿ: ಮೊದಲಿದ್ದ ಅಂಕದಿಂದ ಎರಡಕ್ಕಿಂತ ಹೆಚ್ಚು ಅಂಕ ಏರಿದರೆ ಅಥವಾ ಒಂದು ಗಂಟೆಯಲ್ಲಿ ಇಳಿಯದಿದ್ದರೆ ಅವತ್ತಿಗೆ ಸಾಕು. ಶಾಲೆಗೆ ಅರ್ಧ ದಿನದಿಂದ ಶುರು ಮಾಡಿ, ಪಾಠದ ಮಧ್ಯೆ ಬಿಡುವು ಕೊಡಲು ಟೀಚರಿಗೆ ಹೇಳಿ. ಶಾಲೆ ಪೂರ್ತಿ ಹಿಡಿದ ಮೇಲೆಯೇ ಆಟ.

ನಡಿಗೆಯಿಂದ ಪಂದ್ಯದವರೆಗೆ, ಆಟಕ್ಕೆ ಮರಳಲು ಆರು ಹಂತ, ಒಂದೊಂದಕ್ಕೂ ಕನಿಷ್ಠ 24 ಗಂಟೆ. ಇನ್ನೊಬ್ಬರನ್ನು ಮುಟ್ಟುವ ಅಭ್ಯಾಸಕ್ಕೆ ಇಳಿಯುವ ಮುಂಚೆ ಲಕ್ಷಣ ಪೂರ್ತಿ ಹೋಗಿರಬೇಕು, ವೈದ್ಯರ ಒಪ್ಪಿಗೆಯೂ ಬೇಕು. ಪಂದ್ಯದ ಪಕ್ಕ ವೈದ್ಯರಿಲ್ಲದ ಕಡೆಗೆ ಬ್ರಿಟನ್ 2023ರಲ್ಲಿ ಮಾಡಿದ ನಿಯಮ ಸರಳ: ಪೆಟ್ಟು ಬಿದ್ದು 21 ದಿನದೊಳಗೆ ಪಂದ್ಯ ಇಲ್ಲ. ತಾಲ್ಲೂಕು ಮಟ್ಟದ ನಮ್ಮ ಆಟಕ್ಕೂ ಅದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ, ಹುಡುಗರಿಗೂ ಹುಡುಗಿಯರಿಗೂ ಒಂದೇ. ಹುಡುಗಿಯರಾದರೆ ತಿಂಗಳ ಮುಟ್ಟಿನ ದಿನಾಂಕ ಬರೆದಿಡಿ; ಕನ್ಕಷನ್ ಆದ ಮೇಲೆ ಕೆಲವು ತಿಂಗಳು ಏರುಪೇರಾಗುವುದುಂಟು. ನಾಲ್ಕು ವಾರ ದಾಟಿದರೂ ತಲೆನೋವು, ನಿದ್ದೆಗೇಡು ಉಳಿದಿದ್ದರೆ ಕತ್ತು, ಕಣ್ಣು, ಕಿವಿಯ ಸಮತೋಲನ ಮೂರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು, ಆಗ ಕರೆದುಕೊಂಡು ಬನ್ನಿ.