ಅಪ್‌ಡೇಟ್: ನಮ್ಮ ಟ್ರಸ್ಟ್‌ಗೆ ಹೊಸದಾಗಿ ಸೇರಿದ ಇಬ್ಬರ ಬಗ್ಗೆ

ಧಾರವಾಡದಲ್ಲಿ ಒಂಟಿ ವೃದ್ಧರಿಗೆ ದಿನಸಿ, ಔಷಧ ತಲುಪಿಸುವ ನಮ್ಮ ಸಣ್ಣ ಟ್ರಸ್ಟ್‌ಗೆ ಇಬ್ಬರನ್ನು ಸಂಬಳದ ಮೇಲೆ ತೆಗೆದುಕೊಳ್ಳುತ್ತಿದ್ದೇವೆ, ಅವರನ್ನು ಕೆಲಸಕ್ಕೆ ಹೇಗೆ ಅಣಿಗೊಳಿಸಬೇಕು ಎಂದು ಈ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಇಬ್ಬರೂ ಈಗ ಸೇರಿದ್ದಾರೆ.

ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಮೊದಲ ಕೆಲವು ವಾರ ಕಚೇರಿಯ ಕಡತಗಳನ್ನು ಕೊಡದೆ, ಅವರನ್ನು ಹಿರಿಯ ಕಾರ್ಯಕರ್ತೆಯೊಬ್ಬರ ಜೊತೆ ಮನೆಮನೆಗೆ ಕಳುಹಿಸಿದೆವು. ಅದರ ಫಲ ಬೇಗ ಕಂಡಿತು. ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದ ಕಾರಣ ನ್ಯಾಯಬೆಲೆ ಅಂಗಡಿಯಿಂದ ಬರಿಗೈಯಲ್ಲಿ ಮರಳಿದ್ದ ಅಜ್ಜಿಯೊಬ್ಬರೊಡನೆ ಹೊಸಬರಲ್ಲೊಬ್ಬರು ಕುಳಿತು ಮಾತನಾಡಿ, 65 ದಾಟಿದ್ದರೂ ಅವರು ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿಯನ್ನೇ ಹಾಕಿಲ್ಲವೆಂದು ತಿಳಿದು, ತಾವೇ ನಾಡಕಚೇರಿಗೆ ಕರೆದುಕೊಂಡು ಹೋದರು. ದಿನಸಿ ಚೀಲ ಕೊಟ್ಟು ಬರುವುದಕ್ಕಿಂತ ಇದು ದೊಡ್ಡ ಕೆಲಸವೆಂದು ನಾನು ಮನಸಾರೆ ನಂಬುತ್ತೇನೆ.

ನೇಮಕಾತಿ ಪತ್ರವನ್ನು ಕನ್ನಡದಲ್ಲೇ ಕೊಟ್ಟಿದ್ದೇವೆ. ನೌಕರರ ಸಂಖ್ಯೆ 10 ಮುಟ್ಟಿದರೆ ಇಎಸ್‌ಐ (ನೌಕರರ ಆರೋಗ್ಯ ವಿಮೆ) ಮತ್ತು ಲೈಂಗಿಕ ಕಿರುಕುಳದ ದೂರು ಕೇಳಲು ಸಂಸ್ಥೆಯೊಳಗೇ ಇರಬೇಕಾದ ಆಂತರಿಕ ದೂರು ಸಮಿತಿ, 20 ಮುಟ್ಟಿದರೆ ಪಿಎಫ್ (ಭವಿಷ್ಯ ನಿಧಿ) ಅನ್ವಯಿಸುತ್ತವೆ. ನಾವಿನ್ನೂ ಅಷ್ಟು ಜನರಿಲ್ಲ. ಆದರೂ ಲೈಂಗಿಕ ಕಿರುಕುಳದ ದೂರಿದ್ದರೆ ಮಹಿಳಾ ನೌಕರರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದೆಂಬುದನ್ನು ಪತ್ರದಲ್ಲೇ ಬರೆದಿದ್ದೇವೆ.