ಚೀನಾದಲ್ಲಿ ಮಾಡಿಸ್ತಿದ್ದ ಸ್ಪ್ರೇಯರ್ ಇಲ್ಲೇ ಮಾಡಿಸ್ಬೇಕು ಅಂತಿದೀನಿ, ಯಾವುದರಿಂದ ಶುರು ಮಾಡ್ಲಿ?

ಸಾಗರದ_ಅಗ್ರಿಅಂಗಡಿ:

ಎಲ್ರಿಗೂ ನಮಸ್ಕಾರ. ಸಾಗರದಲ್ಲಿ ನಮ್ದು ಅಗ್ರಿ ಅಂಗಡಿ. ಮುಂಚೆ ಅಪ್ಪ ಬೆಂಗಳೂರಲ್ಲಿ ತಯಾರಾಗ್ತಿದ್ದ ಕೈಪಂಪಿನ ಸ್ಪ್ರೇಯರ್ ಮಾರ್ತಿದ್ರು, ಆ ಯೂನಿಟ್ ಮುಚ್ಚಿದ ಮೇಲೆ 2017ರಿಂದ ನಾನು ಚೀನಾದ ತೈಝೌ ಕಡೆಯ ಒಂದು ಫ್ಯಾಕ್ಟರಿಯಲ್ಲಿ ನಮ್ಮದೇ ಹೆಸರು ಹಾಕಿಸಿ 16 ಲೀಟರಿನ ಬ್ಯಾಟರಿ ಸ್ಪ್ರೇಯರ್ ಮಾಡಿಸ್ತಿದೀನಿ. ನಿಂಗ್ಬೋದಿಂದ ಚೆನ್ನೈಗೆ ಹಡಗು, ಅಲ್ಲಿಂದ ಲಾರಿ. ವರ್ಷಕ್ಕೆ ಒಂದು 40 ಅಡಿ ಕಂಟೇನರ್, ಅದರಲ್ಲಿ ಸುಮಾರು 1300 ಪೀಸ್ ಹಿಡಿಯುತ್ತೆ.

ರೇಟ್ ಚೆನ್ನಾಗೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರ ಹೊಸ ವರ್ಷ ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತೆ, ಕೆಲಸದವರೆಲ್ಲ ಊರಿಗೆ ಹೋಗ್ತಾರೆ, ಅಷ್ಟರೊಳಗೆ ಮಾಲು ಹಡಗು ಹತ್ತಲಿಲ್ಲ ಅಂದ್ರೆ ನಮ್ಮಲ್ಲಿ ಮಳೆ ಹಿಡಿದ ಮೇಲೇ ಕೈಗೆ ಸಿಗೋದು. ಅಂದ್ರೆ ಜೂನಲ್ಲಿ ಎಷ್ಟು ಹೋಗುತ್ತೆ ಅನ್ನೋದನ್ನ ನಾನು ಹಿಂದಿನ ನವೆಂಬರಲ್ಲೇ ಅಂದಾಜು ಮಾಡಿ ದುಡ್ಡು ಕಟ್ಬೇಕು. 2021ರಲ್ಲಿ ಹಡಗಿನ ಬಾಡಿಗೆ ಏರಿದಾಗ ಆ ವರ್ಷದ ಲಾಭವೆಲ್ಲ ಅದಕ್ಕೇ ಹೋಯ್ತು.

ಹೋದ ಸೀಸನ್ನಲ್ಲಿ ಬೇರೆ ಸಮಸ್ಯೆ. ಟ್ಯಾಂಕಿನ ಕೆಳಗಿನ ಮೂಲೆ ಬಿರುಕು ಬಿಟ್ಟು 90 ಪೀಸ್ ವಾಪಸ್ ಬಂತು. ಹೊಸನಗರ ಕಡೆಯ ಒಬ್ರು ಅಜ್ಜ ಗೋಣಿಚೀಲದಲ್ಲಿ ಸುತ್ಕೊಂಡು ಬಸ್ಸಲ್ಲಿ ತಂದಿದ್ರು, ಮೆಣಸಿನ ಬಳ್ಳಿಗೆ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಹೊಡೀತಿದ್ದಾಗ ಸೋರಿ ಅವರ ಅಂಗಿ ಬೆನ್ನಿಂದ ಸೊಂಟದವರೆಗೆ ನೀಲಿ ಆಗಿತ್ತು. ಬೈಲಿಲ್ಲ ಅವರು, "ಇದನ್ನೊಂದು ಸರಿ ಮಾಡ್ಕೊಡು ಮಾರಾಯ" ಅಂದ್ರು ಅಷ್ಟೇ. ನನಗೆ ಕೊಡೋಕೆ ಬರೀ ಟ್ಯಾಂಕ್ ಇರ್ಲಿಲ್ಲ, ಹೊಸ ಸ್ಪ್ರೇಯರ್ ಬಿಚ್ಚಿ ಹಾಕ್ಕೊಟ್ಟೆ. ಫ್ಯಾಕ್ಟರಿಗೆ ಫೋಟೋ ಕಳಿಸಿದ್ರೆ ಮುಂದಿನ ಆರ್ಡರಲ್ಲಿ ಡಿಸ್ಕೌಂಟ್ ಕೊಡ್ತೀವಿ ಅಂದ್ರು.

ಅದಕ್ಕೆ ಇನ್ಮೇಲೆ ಇಲ್ಲೇ ಮಾಡಿಸೋಣ ಅಂತ. ಬೆಂಗಳೂರಲ್ಲಿ ಪೂರ್ತಿ ಮಾಡ್ಕೊಡೋಕೆ ಒಬ್ರು ಕೊಟೇಶನ್ ಕೊಟ್ಟಿದಾರೆ, ಚೀನಾದ್ದು ಅಂಗಡಿಗೆ ಬಂದು ಬೀಳೋ ರೇಟಿಗಿಂತ 30 ಪರ್ಸೆಂಟ್ ಜಾಸ್ತಿ. ನಮ್ಮ ಹೆಸರಿರೋ ಟ್ಯಾಂಕಿನ ಮೋಲ್ಡಿಗೆ (ಅಚ್ಚಿಗೆ) 2017ರಲ್ಲೇ ದುಡ್ಡು ಕೊಟ್ಟಿದೀನಿ, ಅದನ್ನ ವಾಪಸ್ ತರಿಸಿದ್ರೆ ಖರ್ಚು ಉಳಿಯುತ್ತಾ? ಅನುಭವ ಇರೋರು ಹೇಳಿ.

ಪೀಣ್ಯ_ಡೈಮೇಕರ್:

ಸರ್, ಮೊದಲು ಮೋಲ್ಡಿನ ವಿಷಯ. ಇನ್ವಾಯ್ಸಲ್ಲಿ ಟೂಲಿಂಗ್ (ಮೋಲ್ಡಿನ ಖರ್ಚು) ಅಂತ ಬೇರೆ ಲೈನ್ ಹಾಕಿಸಿದೀರಾ, ಮೋಲ್ಡ್ ನಿಮ್ಮ ಆಸ್ತಿ ಅಂತ ಎಲ್ಲಾದ್ರೂ ಬರೆಸಿದೀರಾ? ಇಲ್ಲ ಅಂದ್ರೆ ಅದು ಬರಲ್ಲ ಅಂತಲೇ ಇಟ್ಕೊಳ್ಳಿ. ಬಂದ್ರೂ ತಲೆನೋವು, ಬಳಸಿದ ಮೋಲ್ಡ್ ತರಿಸೋದಾದ್ರೆ ಕಸ್ಟಮ್ಸಿಗೆ ಚಾರ್ಟರ್ಡ್ ಇಂಜಿನಿಯರ್ ಸರ್ಟಿಫಿಕೇಟ್ ಬೇಕು, ಆಮೇಲೆ ಇಲ್ಲಿಯ ಮಷೀನಿಗೆ ಅದು ಕೂರ್ಬೇಕು, ನೀರಿನ ಲೈನ್, ಕ್ಲಾಂಪ್ ಅಳತೆ ಎಲ್ಲ ಹೊಂದ್ಬೇಕು. ನಿಮ್ದು ಬ್ಲೋ ಮೋಲ್ಡ್, ಒಳಗೆ ಗಾಳಿ ಊದಿ ಮಾಡೋದು, ಇಂಜೆಕ್ಷನ್ ಮೋಲ್ಡಿನಷ್ಟು ದುಬಾರಿ ಅಲ್ಲ, ಅಲ್ಯೂಮಿನಿಯಮ್ಮಲ್ಲೇ ಮಾಡ್ತೀವಿ. ಹೊಸದು ಇಲ್ಲೇ ಕೊಯ್ಸಿ, ಮೋಲ್ಡಿನ ಮೈಮೇಲೆ ನಿಮ್ಮ ಹೆಸರು ಪಂಚ್ ಮಾಡಿಸಿ, ಎರಡು ಲೈನ್ ಅಗ್ರಿಮೆಂಟ್ ಮಾಡ್ಕೊಳ್ಳಿ, ನಾಳೆ ಬೇರೆ ಮೋಲ್ಡರ್ ಹತ್ರ ಹೋಗ್ಬೇಕಾದ್ರೂ ಎತ್ಕೊಂಡು ಹೋಗ್ಬಹುದು.

ಈಗ ಬಿರುಕಿನ ಕಥೆ. ವಾಪಸ್ ಬಂದ ಟ್ಯಾಂಕ್ ಒಂದನ್ನ ಹ್ಯಾಕ್ಸಾ ಬ್ಲೇಡಲ್ಲಿ ಮೇಲಿಂದ ಕೆಳಗಿನವರೆಗೆ ಕೊಯ್ದು, ಮೇಲೆ, ನಡುವೆ, ಕೆಳಗಿನ ಮೂಲೆಯಲ್ಲಿ ವರ್ನಿಯರ್ ಇಟ್ಟು ದಪ್ಪ ನೋಡಿ. ಬಿಸಿ ಪ್ಲಾಸ್ಟಿಕ್ ಕೊಳವೆ ಥರ ಮೇಲಿಂದ ಇಳಿಯುತ್ತೆ, ಅದಕ್ಕೆ ಪ್ಯಾರಿಸನ್ ಅಂತೀವಿ, ಅದನ್ನ ಮೋಲ್ಡ್ ಹಿಡ್ಕೊಂಡು ಊದಿದಾಗ ಮೂಲೆವರೆಗೆ ಹಿಗ್ಗಬೇಕಲ್ಲ, ಹಿಗ್ಗಿದಷ್ಟೂ ತೆಳು ಆಗುತ್ತೆ. ಒಳ್ಳೆ ಮಷೀನಲ್ಲಿ ಮೂಲೆಗೆ ಬೀಳೋ ಜಾಗದಲ್ಲಿ ಕೊಳವೆಯನ್ನೇ ದಪ್ಪ ಇಳಿಸೋಕೆ ಆಗುತ್ತೆ, ಮಾಲು ಉಳಿಸೋಕೆ ಹೊರಟವರು ಅದನ್ನ ಕಮ್ಮಿ ಮಾಡ್ತಾರೆ. ರೀಗ್ರೈಂಡ್, ಅಂದ್ರೆ ಪುಡಿ ಮಾಡಿದ ಹಳೇ ಪ್ಲಾಸ್ಟಿಕ್, ಜಾಸ್ತಿ ಬೆರೆಸಿದ್ರೂ ಇದೇ ಗತಿ. ಇನ್ನೊಂದು, ಎಚ್‌ಡಿಪಿಇ ಅನ್ನೋ ಈ ಟ್ಯಾಂಕಿನ ಪ್ಲಾಸ್ಟಿಕ್ ಒತ್ತಡದಲ್ಲಿರೋ ಜಾಗಕ್ಕೆ ಔಷಧಿ ಜೊತೆ ಹಾಕೋ ಸೋಪು, ಅಂಟು ತಾಗ್ತಾ ಇದ್ರೆ ಬೇಗ ಸೀಳುತ್ತೆ, ಅದಕ್ಕೆ ತಡೆಯೋ ಗ್ರೇಡೇ ಬೇರೆ ಇದೆ, ಮೈಸೂರಿನ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಟೆಸ್ಟಿಂಗ್ ಮಾಡ್ತಾರೆ, ಒಂದ್ಸಲ ವಿಚಾರಿಸಿ. ಮೋಲ್ಡ್ ಡಿಸೈನಿಗೆ ರಾಜಾಜಿನಗರದ ಜಿಟಿಟಿಸಿಗೂ ಹೋಗಿ ಬನ್ನಿ, 1972ರಲ್ಲಿ ಡೆನ್ಮಾರ್ಕ್ ಸಹಾಯದಿಂದ ಶುರುವಾದ ಸರ್ಕಾರಿ ಟೂಲ್ ರೂಮ್, ನಾವೆಲ್ಲ ಕಲ್ತಿದ್ದು ಅಲ್ಲೇ.

ಕೊನೆಗೊಂದು ಲೆಕ್ಕ. ನಿಮ್ಮ ಸ್ಪ್ರೇಯರ್ ಒಂದು 6 ಕೆಜಿ ಇರಬಹುದಾ? 1300 ಪೀಸ್ ಅಂದ್ರೆ ಎಂಟು ಟನ್ನಿಗೂ ಕಮ್ಮಿ. 40 ಅಡಿ ಕಂಟೇನರ್ 26 ಟನ್ ತಾಳುತ್ತೆ. ಜಾಗ ತುಂಬಿತು, ತೂಕ ತುಂಬಲಿಲ್ಲ. ಖಾಲಿ ಟ್ಯಾಂಕಿನೊಳಗಿನ ಗಾಳಿಗೆ ಬಾಡಿಗೆ ಕೊಟ್ಟು ನಿಂಗ್ಬೋದಿಂದ ತರಿಸ್ತಿದೀರ. ಆದ್ದರಿಂದ ಟ್ಯಾಂಕೇ ಮೊದಲು ಇಲ್ಲಿಗೆ ಬರ್ಬೇಕು.

ಉದ್ಯಮಬಾಗ್_ಟರ್ನರ್:

ಪೀಣ್ಯದವ್ರು ಹೇಳಿದ್ದು ಬರೋಬ್ಬರಿ ಐತ್ರಿ. ಆದ್ರ ಎಲ್ಲಾ ಒಮ್ಮೆಗೆ ತರಾಕ ಹೋಗಬ್ಯಾಡ್ರಿ, ನಾ ಹೋಗಿ ಪೆಟ್ಟು ತಿಂದೇನಿ. ನಮ್ದು ಬೆಳಗಾವಿ ಉದ್ಯಮಬಾಗ್‌ದಾಗ ಸಣ್ಣ ಯೂನಿಟ್, 2020ರಾಗ ಚೀನಾ ಗಡಿಯಾಗ ಗಾಲ್ವಾನ್ ಗಲಾಟೆ ಆದ ಮ್ಯಾಲೆ ಬಂದರಿನ್ಯಾಗ ಚೀನಾ ಮಾಲು ತಪಾಸಣಿ ಅಂತ ತಡದ್ರಲ್ಲ, ನನ್ನ ಪಂಪು, ಮೋಟರ್ ಎಲ್ಲಾ ಅದ್ರಾಗ ಸಿಕ್ಕೊಂಡ್ವು. ಸಿಟ್ಟಿನ್ಯಾಗ ಇನ್ನ ಒಂದು ನಟ್ಟೂ ಅಲ್ಲಿಂದ ಬ್ಯಾಡ ಅಂತ ಠರಾಯಿಸಿ, ಡಯಾಫ್ರಮ್ ಪಂಪ್ ಸುದ್ದಾ ಇಲ್ಲೇ ಮಾಡ್ಸಿದೆ.

ಬಾಡಿ ಚಲೋ ಬಂತು, ಲ್ಯಾನ್ಸ್ (ಔಷಧಿ ಹೊಡಿಯೋ ಕೊಳವಿ) ಚಲೋ ಬಂತು, ಹಿತ್ತಾಳಿ ನಾಜಲ್ ಅಂತೂ ಅವರದಕ್ಕಿಂತ ನಮ್ದ ಭಾಳ ಚಲೋ. ಪಂಪಿನೊಳಗಿನ ರಬ್ಬರ್ ಡಯಾಫ್ರಮ್ ಮಾತ್ರ ಕೈಕೊಟ್ಟಿತ್ರಿ. ಅಂಗೈ ಅಗಲದ್ದೂ ಇಲ್ಲ ಅದು, ಆದ್ರ ನಿಮಿಷಕ್ಕ ಸಾವಿರಗಟ್ಟಲೆ ಸಲ ಬಡ್ಕೋಬೇಕು, ಔಷಧಿಯೊಳಗ ನೆನದಿರಬೇಕು. ನಮ್ಮ ರಬ್ಬರಿನವ ಪಾಪ ಮೂರು ಸಲ ಕಂಪೌಂಡ್ ಬದಲಿ ಮಾಡಿಕೊಟ್ಟ, ಆ ಸೀಸನ್ ಅಷ್ಟೂ ಹಂಗ ಹೋತು. ಈಗ ಪಂಪು, ಮೋಟರ್ ಅಲ್ಲಿಂದನ ತರಸ್ತೇನಿ, ಸಣ್ಣ ಡಬ್ಬಿ, ವರ್ಷದ್ದು ಒಂದ ಪ್ಯಾಲೆಟ್‌ನ್ಯಾಗ ಬರ್ತಾವ, ಬೇಕಾದ್ರ ಆರು ತಿಂಗಳದ್ದು ತಂದು ಇಟ್ಕೋಬಹುದು. ರಬ್ಬರಿನವನ ಕೂಡ ಕೆಲಸ ಬಿಟ್ಟಿಲ್ಲ, ವರ್ಷಕ್ಕ 50 ಪಂಪಿಗೆ ಅವನ ಡಯಾಫ್ರಮ್ ಹಾಕಿ, ಗುರ್ತಿನ ರೈತರಿಗೆ ಹೇಳೇ ಕೊಟ್ಟು ನೋಡ್ಲಿಕತ್ತೇನಿ. ಈ ವರ್ಷದವು ಇನ್ನೂ ಓಡಾಕತ್ತಾವ.

ಬ್ಯಾಟರಿ ಮಾತ್ರ ನಾಳೆನ ಬಂದ್ ಮಾಡ್ರಿ. 12 ವೋಲ್ಟ್ 8 ಎಎಚ್ ಲೆಡ್ ಆಸಿಡ್ ಬ್ಯಾಟರಿ ನಮ್ಮ ದೇಶದಾಗ ಬೇಕಾದಷ್ಟು ತಯಾರಾಗ್ತದ. ಅಲ್ಲಿ ಪ್ಯಾಕ್ ಆಗಿ, ಹಡಗಿನ್ಯಾಗ ಬಂದು, ನಿಮ್ಮ ಗೋಡೌನಿನ್ಯಾಗ ಜೂನ್ ತನಕ ಚಾರ್ಜ್ ಇಲ್ದ ಕುಂತ್ರ ಒಳಗ ಸಲ್ಫೇಟ್ ಹಿಡೀತದ, ರೈತಗ ಹೊಸಾದನ್ನ ಮಾರಿದ್ರೂ ಅದು ಹಳೇದ. ಇಂಪೋರ್ಟ್ ಮಾಡಿದ ಮಾಲಿನ್ಯಾಗ ಬ್ಯಾಟರಿ ಇತ್ತಂದ್ರ 2022ರ ಬ್ಯಾಟರಿ ವೇಸ್ಟ್ ನಿಯಮದ ಜವಾಬ್ದಾರಿನೂ ನಿಮ್ಮ ತಲಿಮ್ಯಾಲೆ.

ಮಂಡ್ಯ_ಗೌಡ್ರಹುಡ್ಗ:

ಇಷ್ಟೆಲ್ಲ ಯಾಕಣ್ಣ, ಸರ್ಕಾರ ಡ್ಯೂಟಿ ಜಾಸ್ತಿ ಮಾಡುದ್ರೆ ತಂತಾನೆ ಎಲ್ಲ ವಾಪಸ್ ಬರ್ತದೆ. ಆಟದ ಸಾಮಾನ್ ಬರ್ಲಿಲ್ವ?

ಬಣ್ಣದಬುಗುರಿ:

@ಮಂಡ್ಯ_ಗೌಡ್ರಹುಡ್ಗ ಚನ್ನಪಟ್ಟಣದವಳಾಗಿ ಇದಕ್ಕೆ ನಾನೇ ಉತ್ತರ ಕೊಡ್ಬೇಕು. ಹೌದು, 2020ರ ಫೆಬ್ರವರಿಯಲ್ಲಿ ಆಟಿಕೆ ಮೇಲಿನ ಡ್ಯೂಟಿ 20ರಿಂದ 60 ಪರ್ಸೆಂಟ್ ಆಯ್ತು, 2023ರಲ್ಲಿ 70. 2021ರ ಜನವರಿ 1ರಿಂದ ಐಎಸ್ಐ ಮಾರ್ಕ್ ಇಲ್ದೆ ಮಾರೋ ಹಾಗಿಲ್ಲ ಅಂತಾಯ್ತು. ಸರ್ಕಾರದ ಲೆಕ್ಕದಲ್ಲೇ 2018-19ರಲ್ಲಿ 37 ಕೋಟಿ ಡಾಲರ್ ದಾಟಿದ್ದ ಆಮದು 2021-22ಕ್ಕೆ 11 ಕೋಟಿಗೆ ಇಳೀತು. ಚೀನಾ ಮಾಲು ಕಮ್ಮಿ ಆದಾಗ ನಮ್ಮ ಬೀದಿಯಲ್ಲೂ ಆರ್ಡರ್ ಬಂತು ನಿಜ.

ಆದ್ರೆ ಆರ್ಡರ್ ಬಂದಾಗ ಗೊತ್ತಾಗಿದ್ದು ಏನಂದ್ರೆ ಕೈ ಇರೋರೇ ಕಮ್ಮಿ. ನಮ್ಮ ಮಾವ ಲೇತ್ ಮೇಲೆ ಆಲೆ ಮರದ ತುಂಡು ತಿರುಗಿಸಿ ಅರಗು ಹಿಡಿದ್ರೆ ಬಿಸಿಗೆ ಬಣ್ಣ ಹರಡ್ತಾ ಹೋಗುತ್ತೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ತರ್ತಾರೆ, ಆ ಒತ್ತೋ ಹದ ಕಲಿಯೋಕೇ ವರ್ಷಗಳು ಬೇಕು. ಮಾರ್ಕೆಟ್ ಬಿದ್ದಿದ್ದ ವರ್ಷಗಳಲ್ಲಿ ಹುಡುಗರು ಬಿಡದಿ ಫ್ಯಾಕ್ಟರಿಗಳಿಗೆ ಹೋಗ್ಬಿಟ್ರು, ಡ್ಯೂಟಿ ಏರಿತು ಅಂತ ಮಾರನೇ ದಿನ ಲೇತ್ ಮುಂದೆ ಬಂದು ಕೂರಲ್ಲ. ಐಎಸ್ಐ ನಿಯಮ ಬಂದಾಗ ನಮಗೂ ಭಯ ಇತ್ತು, ಒಂದೊಂದು ಮನೆಯವರು ಎಲ್ಲಿಂದ ಲ್ಯಾಬ್ ಇಡೋದು ಅಂತ. ಆಮೇಲೆ ನೋಂದಾಯಿತ ಕುಶಲಕರ್ಮಿಗಳಿಗೆ, ಜಿಐ (ಭೌಗೋಳಿಕ ಗುರುತು) ಇರೋ ಆಟಿಕೆಗಳಿಗೆ ವಿನಾಯಿತಿ ಕೊಟ್ರು, ಉಸಿರು ಬಂತು. ಹಾಗಾಗಿ ಡ್ಯೂಟಿಯಿಂದ ಸಮಯ ಸಿಗುತ್ತೆ ಅಣ್ಣ, ಕಲಿಸೋ ಕೆಲಸ ನಾವೇ ಮಾಡ್ಬೇಕು.

ಮಿಶಿಗನ್_ಮೈಸೂರು:

ಅಕ್ಕ ಹೇಳಿದ್ದು ಇಲ್ಲಿ ಅಮೆರಿಕದಲ್ಲೂ ಅಷ್ಟೇ. ನಾನು ಇಲ್ಲಿ ಸಪ್ಲೈ ಚೈನಲ್ಲೇ ಕೆಲಸ ಮಾಡೋದು. ಆಪಲ್‌ನವರು 2012ರಲ್ಲಿ ಇನ್ಮೇಲೆ ಒಂದು ಮ್ಯಾಕ್ ಅಮೆರಿಕದಲ್ಲೇ ಮಾಡ್ತೀವಿ ಅಂತ ಹೇಳಿ ಟೆಕ್ಸಾಸಿನ ಆಸ್ಟಿನ್ನಲ್ಲಿ ಮ್ಯಾಕ್ ಪ್ರೊ ಶುರು ಮಾಡಿದ್ರು. ಸಿಕ್ಕಿಹಾಕ್ಕೊಂಡಿದ್ದು ಒಂದು ಸಣ್ಣ ಸ್ಕ್ರೂನಲ್ಲಿ, ಸ್ಥಳೀಯ ವರ್ಕ್‌ಶಾಪಿಗೆ ದಿನಕ್ಕೆ ಹೆಚ್ಚು ಅಂದ್ರೆ 1000 ಸ್ಕ್ರೂ ಮಾಡೋಕಾಗ್ತಿತ್ತು, ಕೊನೆಗೆ ಚೀನಾದಿಂದಲೇ ತರಿಸಿದ್ರು. ಅಡಿಡಾಸ್‌ನವರು ಜರ್ಮನಿಯ ಆನ್ಸ್‌ಬಾಖ್‌ನಲ್ಲಿ, ಆಮೇಲೆ ಅಟ್ಲಾಂಟಾದಲ್ಲಿ ರೋಬೋಟ್ ಇಟ್ಟು ಶೂ ಮಾಡೋ ಫ್ಯಾಕ್ಟರಿ ತೆರೆದ್ರು, 2019ರ ನವೆಂಬರಲ್ಲಿ ಎರಡನ್ನೂ ಮುಚ್ತೀವಿ, ಆ ಟೆಕ್ನಾಲಜಿ ಏಷ್ಯಾದ ಸಪ್ಲೈಯರ್ಸಿಗೆ ಕೊಡ್ತೀವಿ ಅಂದ್ರು. ಅಷ್ಟು ದುಡ್ಡಿರೋರಿಗೇ ಹೀಗಾಗುತ್ತೆ. ಸುತ್ತಮುತ್ತ ಸ್ಕ್ರೂನವರು, ರಬ್ಬರಿನವರು, ಪ್ಲೇಟಿಂಗಿನವರು ಇದ್ರೆ ಮಾತ್ರ ಫ್ಯಾಕ್ಟರಿ ಬದುಕುತ್ತೆ, ಪೀಣ್ಯದಲ್ಲಿ ಅದು ಇನ್ನೂ ಇದೆ ಅನ್ನೋದು ನಿಮ್ಮ ಪುಣ್ಯ ಸಾಗರದವರೇ.

ಲೆಕ್ಕದಪುಸ್ತಕ:

ಆ 30 ಪರ್ಸೆಂಟ್ ಮತ್ತೊಮ್ಮೆ ಲೆಕ್ಕ ಹಾಕಿ ಸರ್. ಚೀನಾದ ರೇಟಿಗೆ ಫ್ರೈಟು, ಡ್ಯೂಟಿ, ಕಸ್ಟಮ್ಸ್ ಏಜೆಂಟ್ ಖರ್ಚು, ಲಾರಿ ಎಲ್ಲ ಸೇರಿಸಿದೀರಿ ಅಂತ ಕಾಣುತ್ತೆ. ಬಡ್ಡಿ ಸೇರಿಸಿದೀರಾ? ಶೇಕಡಾ 30 ಅಡ್ವಾನ್ಸು, ಮಿಕ್ಕ 70 ಹಡಗಿಗೆ ಹತ್ತೋ ಮುಂಚೆ ಕಟ್ತಿರ್ತೀರ, ಮಾರಾಟ ಆಗೋದು ಜೂನ್ ಜುಲೈ, ರೈತರು ಸಾಲ ತೀರಿಸೋದು ಅಡಿಕೆ ದುಡ್ಡು ಬಂದ ಮೇಲೆ. ಒಂದು ವರ್ಷದ ಹತ್ರ ದುಡ್ಡು ಹೊರಗೇ ಇದೆ. ಇಲ್ಲಿ 200, 200 ಅಂತ ತಗೊಂಡ್ರೆ ಬ್ಯಾಂಕಲ್ಲಿ ಓವರ್‌ಡ್ರಾಫ್ಟ್ ಸಾಲ ತೆಗೀಬೇಕಾಗಲ್ಲ. ಆ 90 ವಾಪಸ್ ಪೀಸಿನ ಖರ್ಚೂ ಚೀನಾದ ಲೆಕ್ಕಕ್ಕೇ ಹಾಕಿ.

ಒಂದು ಎಚ್ಚರಿಕೆ, ಮೋಲ್ಡರ್ ಸಣ್ಣ ಉದ್ಯಮ ಅಂತ ಉದ್ಯಮ್ ನೋಂದಣಿ ಮಾಡಿಸಿದ್ರೆ ಅಗ್ರಿಮೆಂಟ್ ಇದ್ದಾಗ 45 ದಿನದೊಳಗೆ, ಇಲ್ದಿದ್ರೆ 15 ದಿನದೊಳಗೆ ದುಡ್ಡು ಕೊಡ್ಬೇಕು. ತಡ ಮಾಡಿ ಮಾರ್ಚ್ ದಾಟಿಸಿದ್ರೆ ಆ ಖರ್ಚು ಆ ವರ್ಷದ ಇನ್ಕಮ್ ಟ್ಯಾಕ್ಸಲ್ಲಿ ಕಳೆಯೋಕೆ ಬಿಡಲ್ಲ, 2023-24ರಿಂದ ಈ ನಿಯಮ ಬಂದಿದೆ. ಅದು ನ್ಯಾಯವೂ ಹೌದು, ಇಲ್ಲಿಯ ಎಷ್ಟೋ ಸಣ್ಣ ಯೂನಿಟ್‌ಗಳು ಮುಚ್ಚಿದ್ದು ಕೆಲಸ ಇಲ್ದೆ ಅಲ್ಲ, ಮಾಡಿದ ಕೆಲಸದ ದುಡ್ಡು ಬರದೆ.

ಸಾಗರದ_ಅಗ್ರಿಅಂಗಡಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮೂರು ಟ್ಯಾಂಕ್ ಕೊಯ್ದೆ. ಮೇಲೆ 3 ಮಿಮೀ ಹತ್ರ ಇದೆ, ಬಿರುಕಿನ ಮೂಲೆಯಲ್ಲಿ ಒಂದರಲ್ಲಿ 0.9, ಇನ್ನೊಂದರಲ್ಲಿ 1.1, ಮೂರನೇದರಲ್ಲಿ ಉಗುರಲ್ಲಿ ಒತ್ತಿದ್ರೆ ಒಳಗೆ ಹೋಗುತ್ತೆ. 2018ರದ್ದು ಒಂದು ಹಳೇ ಟ್ಯಾಂಕ್ ಅಟ್ಟದ ಮೇಲಿತ್ತು, ಅದನ್ನೂ ಕೊಯ್ದೆ, ಅದೇ ಮೂಲೆ 2.2 ಇದೆ. ಅಂದ್ರೆ ಮೋಲ್ಡ್ ಅದೇ, ಮಾಲು ಕದ್ದಿದಾರೆ. ಏಳು ವರ್ಷ ನಂಬಿ ದುಡ್ಡು ಕಳಿಸಿದವನಿಗೆ ಹೇಗಾಗ್ಬೇಡ.

ಬಡ್ಡಿ, ವಾಪಸ್ ಎಲ್ಲ ಹಾಕಿದ ಮೇಲೆ ವ್ಯತ್ಯಾಸ 30 ಅಲ್ಲ, 11ಕ್ಕೆ ಬಂತು. ಅದೂ ಪಂಪಿನ ಸಮೇತ ಎಲ್ಲ ಇಲ್ಲೇ ಮಾಡಿಸಿದ್ರೆ. ಉದ್ಯಮಬಾಗ್ ಅಣ್ಣ ಹೇಳಿದ ಹಾಗೆ ಪಂಪು ಮೋಟರ್ ಸದ್ಯಕ್ಕೆ ಅಲ್ಲಿಂದಲೇ, ಟ್ಯಾಂಕು, ಬ್ಯಾಟರಿ, ಬೆಲ್ಟು, ಲ್ಯಾನ್ಸ್, ನಾಜಲ್ ಇಲ್ಲಿ. ಜೋಡಿಸೋದು ಸಾಗರದಲ್ಲೇ, ಅಂಗಡಿ ಹಿಂದಿನ ಶೆಡ್ ಖಾಲಿ ಇದೆ. ಬರೀ ಟ್ಯಾಂಕ್ 100 ಜಾಸ್ತಿ ಮಾಡಿಸಿ ಸ್ಪೇರಿಗೆ ಇಟ್ಕೊಳ್ತೀನಿ.

@ಪೀಣ್ಯ_ಡೈಮೇಕರ್ ಸರ್, ಸೋಮವಾರ ರಾತ್ರಿ ಬಸ್ಸಿಗೆ ಹೊರಡ್ತಿದೀನಿ, ಕೊಯ್ದ ನಾಲ್ಕೂ ಟ್ಯಾಂಕ್ ತರ್ತೀನಿ. ಮಂಗಳವಾರ ಬೆಳಿಗ್ಗೆ ಎಷ್ಟೊತ್ತಿಗೆ ಸಿಗ್ತೀರ?

ಪೀಣ್ಯ_ಡೈಮೇಕರ್:

ಏಳೂವರೆಗೆ ಶಟರ್ ತೆಗೀತೀನಿ ಸರ್, ಜಾಲಹಳ್ಳಿ ಕ್ರಾಸಲ್ಲಿ ಇಳೀರಿ. 2018ರ ಟ್ಯಾಂಕ್ ಮರೀದೆ ತನ್ನಿ, ಅದೇ ನಮಗೆ ಸ್ಯಾಂಪಲ್.